ಹಾಲೆಂಡಿನ ಗೋಡೆ, ಹಳೇಬೀಡಿನ ಬಳಪ

ವಿಮಾನ ನಿಲ್ದಾಣದ ಕೋಣೆ

ಆಮ್‌ಸ್ಟರ್‌ಡ್ಯಾಮಿನಲ್ಲಿ ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ, ನನ್ನನ್ನು ಒಂದು ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದರು. ನನ್ನ ಚೀಲದಲ್ಲಿ ಎರಡು ಕೆ.ಜಿ.ಯಷ್ಟು ಬಿಳಿ ಪುಡಿ ಇತ್ತು.

ಅದು ಬಳಪದ ಪುಡಿ. ಹಳೇಬೀಡಿನಲ್ಲಿ ದೇವಸ್ಥಾನದ ಹತ್ತಿರ ಕೂತು ಪುಟ್ಟ ಪುಟ್ಟ ವಿಗ್ರಹ ಕೆತ್ತುವವರ ಕಾಲ ಕೆಳಗೆ ರಾಶಿ ಬೀಳುವ ಕಲ್ಲಿನ ಪುಡಿ. ನಾವು ಬೋರ್ಡು ಬರೆಯುವವರು ಅದನ್ನು ತಂದು, ತೆಳು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳುತ್ತೇವೆ. ದಾರಕ್ಕೆ ಸವರಿ, ಎರಡು ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ಬೋರ್ಡಿನ ಮೇಲೆ ನೇರವಾದ ಗೆರೆ ಬೀಳುತ್ತದೆ. ಅಕ್ಷರ ತಪ್ಪಿದರೆ ಅದರ ಮೇಲೂ ಇದನ್ನೇ ಎರಚುತ್ತೇವೆ. ಹಸಿ ಬಣ್ಣದ ಎಣ್ಣೆಯನ್ನೆಲ್ಲ ಹೀರಿಕೊಂಡುಬಿಡುತ್ತದೆ. ಆ ದೇಶದಲ್ಲಿ ಇದು ಸಿಗುತ್ತದೋ ಇಲ್ಲವೋ ಎಂದು ನಾನು ಹೊತ್ತುಕೊಂಡು ಹೋಗಿದ್ದೆ. ಚೀಲ ಕಟ್ಟುವಾಗಲೇ ನನ್ನ ಹೆಂಡತಿ ಗಂಗಮ್ಮ ಹೇಳಿದ್ದಳು. ಅವಳು ಕಣಕಟ್ಟೆಯವಳು, ಮಾತು ನೇರ.

"ನಾಕ್ ಚಟ್ನಿಪುಡಿ ಪೊಟ್ಣ ಇಡಾಕೆ ಜಾಗ ಇಲ್ಲ ಅಂದ್ರಿ. ಕಲ್ಲಿನ ಧೂಳಿಗೆ ಜಾಗ ಐತೆ."

ಕೋಣೆಯಲ್ಲಿ ಇಬ್ಬರು ಅಧಿಕಾರಿಗಳು. ಒಬ್ಬ ನನಗಿಂತ ಒಂದೂವರೆ ಅಡಿ ಎತ್ತರ. ಇಂಗ್ಲಿಷಿನಲ್ಲಿ ಏನೇನೋ ಕೇಳಿದ. ನನ್ನ ಇಂಗ್ಲಿಷು ಬೋರ್ಡಿನ ಇಂಗ್ಲಿಷು. ಕ್ಲಿನಿಕ್, ಪ್ರಾವಿಷನ್ ಸ್ಟೋರ್ಸ್, ಹೋಲ್‌ಸೇಲ್ ಅಂಡ್ ರೀಟೇಲ್, ಇವನ್ನು ಡಿಗ್ರಿ ಓದಿದವರಿಗಿಂತ ಚೆನ್ನಾಗಿ ಬರೆಯುತ್ತೇನೆ. ಮಾತಿಗೆ ಬಂದರೆ ನಾಲ್ಕು ಪದಕ್ಕೆ ಮುಗಿಯುತ್ತದೆ. ಹಾಗಾಗಿ ಮಾತು ಬಿಟ್ಟು ಕೆಲಸಕ್ಕೆ ಇಳಿದೆ. ದಾರ ತೆಗೆದು ಪುಡಿಯಲ್ಲಿ ಎಳೆದು, ಒಂದು ತುದಿಯನ್ನು ಆ ಎತ್ತರದವನ ಕೈಗೆ ಕೊಟ್ಟು, ಅವರ ಕಪ್ಪು ಮೇಜಿನ ಮೇಲೆ ಒಂದು ಗೆರೆ ಹೊಡೆದೆ. ಆಮೇಲೆ ಇನ್ನೊಂದು. ಎರಡು ಗೆರೆಯ ನಡುವೆ ಬೆರಳಿನಿಂದಲೇ, ಅವನ ಎದೆಯ ಮೇಲಿನ ಪಟ್ಟಿಯಲ್ಲಿದ್ದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ.

ಎತ್ತರದವನು ದಾರವನ್ನು ತಾನೇ ಒಮ್ಮೆ ಎಳೆದು ಬಿಟ್ಟು ನೋಡಿದ. ಗೆರೆ ಸೊಟ್ಟ ಬಂತು. ಪಕ್ಕದವನು ನಕ್ಕ. ಆಮೇಲೆ ಪುಡಿಯನ್ನು ಏನೋ ಪರೀಕ್ಷೆ ಮಾಡಿ, ನನ್ನ ಗಂಟನ್ನು ನಾನು ಕಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿ ಕಟ್ಟಿ ವಾಪಸು ಕೊಟ್ಟರು. ಆ ದೇಶದ ಜನ ಎಂಥವರು ಎನ್ನುವುದು ನನಗೆ ಮೊದಲ ಅರ್ಧ ಗಂಟೆಯಲ್ಲೇ ತಿಳಿಯಿತು. ಅನುಮಾನ ಪಟ್ಟರೂ ಅವಮಾನ ಮಾಡಲಿಲ್ಲ.

ಹೊರಡುವ ಮುಂಚೆ

ನಾನು ಓದಿದ್ದು ಆರನೇ ಕ್ಲಾಸು. ಆಮೇಲೆ ಅರಸೀಕೆರೆಯ ಬಾಷಾ ಸಾಬರ ಹತ್ತಿರ ಕೆಲಸಕ್ಕೆ ಸೇರಿದೆ. ಅರಸೀಕೆರೆ, ಬೇಲೂರು, ಬಾಣಾವರದ ಕಡೆ ಆಗ ಒಳ್ಳೆಯ ಬೋರ್ಡು ಎಂದರೆ ಸಾಬರ ಕೈ ಎಂದು ಅರ್ಥ. ಅವರು ತೀರಿಕೊಂಡ ಮೇಲೆ ಆ ಮಾತು ನನ್ನ ಕೈಗೆ ಬಂತು. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಇಪ್ಪತ್ತೈದು ವರ್ಷ ಏಣಿ ಮೇಲೆ ನಿಂತವನು ಹೇಳಬಹುದಾದ ಮಾತನ್ನು ಹೇಳುತ್ತಿದ್ದೇನೆ.

ಹಾಲೆಂಡಿನ ಮರೈಕೆ ಎಂಬ ಹೆಂಗಸು ಫೋಟೋ ತೆಗೆಯುವವಳು. ಬೇಲೂರು ಹಳೇಬೀಡು ನೋಡಿಕೊಂಡು ಅರಸೀಕೆರೆಗೆ ಬಂದವಳಿಗೆ ರೈಲು ತಪ್ಪಿತು. ಮುಂದಿನ ರೈಲಿನವರೆಗೆ ಏನು ಮಾಡುವುದೆಂದು ಪೇಟೆ ಸುತ್ತುತ್ತ ಅಂಗಡಿಗಳ ಬೋರ್ಡುಗಳ ಫೋಟೋ ತೆಗೆದಳು. ಅರ್ಧಕ್ಕೂ ಹೆಚ್ಚು ನನ್ನವೇ. ಕೊನೆಗೆ ಏಣಿಯ ಮೇಲಿದ್ದ ನನ್ನದೂ ಒಂದು ತೆಗೆದಳು. ನನ್ನ ಪಕ್ಕದಲ್ಲಿ ಎಸ್‌ಟಿಡಿ ಬೂತ್ ಇಟ್ಟಿರುವ ಶಿವಲಿಂಗಣ್ಣ ಅವಳ ಮಾತನ್ನು ನನಗೆ, ನನ್ನ ಮಾತನ್ನು ಅವಳಿಗೆ ತಿಳಿಸಿದ. ಒಂದು ವರ್ಷ ಕಳೆದ ಮೇಲೆ ಕಾಗದ ಬಂತು. ಅವರ ಊರಿನಲ್ಲಿ ಹಳೆಯ ಸ್ಕೂಲು ಕಟ್ಟಡವೊಂದಿದೆ, ಬೇರೆ ಬೇರೆ ದೇಶದ ಕಲಾವಿದರನ್ನು ಅಲ್ಲಿ ಎರಡು ತಿಂಗಳು ಇಟ್ಟುಕೊಳ್ಳುತ್ತಾರೆ, ಕೊನೆಯ ದಿನ ಊರಿನವರನ್ನು ಕರೆದು ಅವರು ಮಾಡಿದ್ದನ್ನು ತೋರಿಸುತ್ತಾರೆ, ಈ ಸಲ ನೀವು ಬನ್ನಿ. ಇದು ಕಾಗದದ ಸಾರಾಂಶ.

"ಏನ್ ಬರೀಬೇಕು ಅಂತ ಹಾಕವ್ರೆ?" ಎಂದು ಶಿವಲಿಂಗಣ್ಣನನ್ನು ಕೇಳಿದೆ.

"ಏನೂ ಹಾಕಿಲ್ಲ. ನಿನ್ನಿಷ್ಟ ಅಂತೆ."

"ಅಳತೆ?"

"ಅದೂ ನಿನ್ನಿಷ್ಟ ಅಂತೆ ಕಣ್ಲಾ."

"ಹಂಗಾದ್ರೆ ಇದು ಯಾವ್ದೋ ಮೋಸ."

"ನಿನ್ ಹತ್ರ ಹೊಡ್ಕಳಾಕೆ ಏನೈತೆ? ನಾಕು ಬ್ರಷ್ಷು, ಒಂದು ಏಣಿ. ಅದ್ರಲ್ಲೂ ಏಣಿ ನಂದು."

ಹಾಸನಕ್ಕೆ ಫ್ಲೆಕ್ಸ್ ಮೆಷಿನ್ ಬಂದ ವರ್ಷ ಅದು. ನಾನು ನಾಲ್ಕು ದಿನ ಬರೆಯುವ ಬೋರ್ಡನ್ನು ಅದು ಹತ್ತು ನಿಮಿಷಕ್ಕೆ ಉಗುಳುತ್ತಿತ್ತು. ಅಂಗಡಿಯವರು ನನ್ನನ್ನು ಕಂಡರೆ ಬೇರೆ ಕಡೆ ನೋಡುವುದಕ್ಕೆ ಶುರುಮಾಡಿದ್ದರು. ಆ ಹೊತ್ತಿನಲ್ಲಿ ಬಂದ ಕಾಗದ. ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಾಕಿದರು, ಒಬ್ಬರು ಕಲಾವಿದ ಜಯಣ್ಣನವರು ಎಂದು ಭಾಷಣವನ್ನೂ ಮಾಡಿದರು. ಬೋರ್ಡು ಬರೆಯುವವನು ಹೋಗಿ ಕಲಾವಿದನಾಗಿ ಬರಬೇಕು. ಬರಿಗೈಯಲ್ಲಿ ಬಂದರೆ ಅದೇ ಬಸ್‌ಸ್ಟ್ಯಾಂಡಿನಲ್ಲಿ ಇಳಿಯಬೇಕಲ್ಲ ಎನ್ನುವುದು ವಿಮಾನದ ಉದ್ದಕ್ಕೂ ತಲೆಯಲ್ಲಿತ್ತು.

ಮತ್ತೆ ಸ್ಕೂಲು

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನನ್ನು ಇಪ್ಪತ್ತೈದು ವರ್ಷದ ಮೇಲೆ ಹಾಲೆಂಡಿನವರು ಮತ್ತೆ ಸ್ಕೂಲಿಗೆ ಹಾಕಿದರು. ನನ್ನ ಕೋಣೆಯಲ್ಲಿ ಕರಿಹಲಗೆ ಇನ್ನೂ ಇತ್ತು. ಕೆರೆಯ ನೀರು ನಿಂತಂತೆ ನಿಂತ ಕಾಲುವೆಗಳು, ಇಟ್ಟಿಗೆಯ ಮನೆಗಳು, ಎಲ್ಲ ಮನೆಗೂ ದೊಡ್ಡ ಕಿಟಕಿ. ಕಿಟಕಿಗೆ ಪರದೆ ಎಳೆಯುವುದಿಲ್ಲ. ಒಳಗೆ ಅವರು ಊಟ ಮಾಡುವುದು, ಪೇಪರು ಓದುವುದು ಎಲ್ಲ ದಾರಿಗೆ ಕಾಣುತ್ತದೆ. ನಾನು ಮೊದಲು ನಾಚಿಕೊಂಡು ತಲೆ ತಗ್ಗಿಸಿ ಓಡಾಡಿದೆ. ಆಮೇಲೆ ನೋಡಿದರೆ, ಅಲ್ಲಿ ನಡೆಯುವ ಯಾರೂ ಒಳಗೆ ಇಣುಕುವುದಿಲ್ಲ. ಕಾಣುವುದೆಲ್ಲ ನೋಡುವುದಕ್ಕಲ್ಲ ಎಂಬ ಶಿಸ್ತು. ನಮ್ಮಲ್ಲಿ ಬಾಗಿಲು ಹಾಕಿದ್ದರೂ ಒಳಗೆ ಏನು ಸಾರು ಎಂದು ಪಕ್ಕದ ಮನೆಗೆ ಗೊತ್ತಿರುತ್ತದೆ.

ಇನ್ನೊಂದು ವಿಚಿತ್ರ. ಅಲ್ಲಿ ಪ್ರತಿ ಮನೆಯ ಕಕ್ಕಸಿನಲ್ಲಿ ಒಂದು ಕ್ಯಾಲೆಂಡರು. ಅದರಲ್ಲಿ ವಾರವಿಲ್ಲ, ವರ್ಷವಿಲ್ಲ, ಬರೀ ತಾರೀಖು. ಆಯಾ ತಾರೀಖಿನ ಮುಂದೆ ನೆಂಟರ, ಸ್ನೇಹಿತರ ಹೆಸರು. ಹುಟ್ಟುಹಬ್ಬ ಮರೆಯಬಾರದು ಎಂದು, ದಿನಾ ಒಮ್ಮೆಯಾದರೂ ಹೋಗಿ ಕೂರುವ ಜಾಗದಲ್ಲಿ ತೂಗುಹಾಕುತ್ತಾರೆ. ಮರೈಕೆಯ ತಂಗಿಯ ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಬಂದವರೆಲ್ಲ ತಂಗಿಗೆ ಮಾತ್ರವಲ್ಲ, ಅವರಮ್ಮನಿಗೆ, ಅಣ್ಣನಿಗೆ, ಅಲ್ಲಿದ್ದ ಎಲ್ಲರಿಗೂ ಕೈಕುಲುಕಿ ಶುಭಾಶಯ ಹೇಳಿದರು. ಕೊನೆಗೆ ನನಗೂ ಹೇಳಿದರು. ಯಾಕೆಂದು ತಿಳಿಯದಿದ್ದರೂ ನಾನು ತಕ್ಕೊಂಡೆ. ಯೋಚನೆ ಮಾಡಿದರೆ ಸರಿ ಅನ್ನಿಸುತ್ತದೆ. ಒಬ್ಬರು ಹುಟ್ಟಿದ್ದು ಮನೆಯವರಿಗೆಲ್ಲ ಲಾಭವೇ ಅಲ್ಲವೇ.

ಆದರೆ ಕೆಲಸ ಇಲ್ಲ. ದೊಡ್ಡ ಕೋಣೆ, ಹೊಸ ಹಲಗೆಗಳು, ನಾನು ಕೈಯಲ್ಲಿ ಹಿಡಿದೇ ನೋಡದಂಥ ಬ್ರಷ್‌ಗಳು, ಡಬ್ಬ ಡಬ್ಬ ಎನಾಮಲ್ ಬಣ್ಣ. ಬರೆಸುವವರು ಮಾತ್ರ ಇಲ್ಲ. ನನ್ನ ಜೀವಮಾನದಲ್ಲಿ ಯಾರೂ ಹೇಳದೆ ಒಂದು ಅಕ್ಷರ ಬರೆದವನಲ್ಲ ನಾನು. ಬಾಷಾ ಸಾಬರು ಕಲಿಸಿದ ಮೊದಲನೆಯ ಪಾಠವೇ ಅದು. "ಗೋಡೆ ಯಾರ್ದು, ಬರ್ಸೋರು ಯಾರು, ಎರಡೂ ಗೊತ್ತಾಗೋವರ್ಗೂ ಡಬ್ಬದ ಮುಚ್ಚಳ ತೆಗೀಬ್ಯಾಡ" ಎನ್ನುತ್ತಿದ್ದರು.

ನಾನು ಕೂರುವವನಲ್ಲ. ಸ್ಕೂಲಿನ ಗೇಟಿಗೆ ಬಣ್ಣ ಹೊಡೆದೆ. ಸೈಕಲ್ ನಿಲ್ಲಿಸುವ ಜಾಗಕ್ಕೆ ನಂಬರು ಬರೆದೆ. ಮರೈಕೆ ಬಂದು ನೋಡಿ, ಚೆನ್ನಾಗಿದೆ ಜಯಣ್ಣ, ಆದರೆ ಇದಕ್ಕಾಗಿ ನಿಮ್ಮನ್ನು ಕರೆಸಿದ್ದಲ್ಲ, ನಿಮ್ಮದೇ ಏನಾದರೂ ಮಾಡಿ ಎಂದಳು. ನನ್ನದೇ ಎಂದರೆ ಯಾವುದು? ಐದು ವಾರ ಹಾಗೇ ಹೋಯಿತು. ಭಾನುವಾರ ಶಿವಲಿಂಗಣ್ಣನ ಬೂತಿಗೆ ಫೋನು ಮಾಡಿದರೆ ಗಂಗಮ್ಮ ಕಾಯುತ್ತಿರುತ್ತಿದ್ದಳು.

"ಏನ್ ಬರುದ್ರಿ?"

"ನೋಡ್ತಾ ಇದೀನಿ."

"ಐದ್ ವಾರ ನೋಡಾಕೆ ಅದೇನ್ ಸಿನಿಮಾನಾ?"

ಹಿಂದಿನಿಂದ ಶಿವಲಿಂಗಣ್ಣನ ಗಂಟಲು ಕೇಳಿಸಿತು. "ಏನೂ ತೋಚ್ಲಿಲ್ಲ ಅಂದ್ರೆ ನಮ್ ಬೂತಿಂದೇ ಒಂದ್ ಬೋರ್ಡ್ ಬರ್ಕಂಡ್ ಬಾರ್ಲಾ."

ಬೇಕರಿಯ ಗೋಡೆ

ಚೌಕದ ಮೂಲೆಯಲ್ಲಿ ಒಂದು ಎತ್ತರದ ಇಟ್ಟಿಗೆ ಗೋಡೆ. ಹಿಂದೆ ಅಲ್ಲಿ ಬೇಕರಿ ಇತ್ತಂತೆ. ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬೇಕರಿ ಎಂದು ಅವರ ಭಾಷೆಯಲ್ಲಿ, ಅದರ ಕೆಳಗೆ ಬ್ರೆಡ್ಡು, ರಸ್ಕು ಎಂದು ಬರೆದಿತ್ತು. ನೀಲಿ ನೆಲದ ಮೇಲೆ ಬಿಳಿ ಅಕ್ಷರ. ಬಿಸಿಲು ಮಳೆಗೆ ನೀಲಿ ಬೂದುಬಣ್ಣವಾಗಿತ್ತು, ಬಿಳಿ ಇಟ್ಟಿಗೆಯೊಳಗೆ ಇಂಗಿಹೋಗಿತ್ತು. ಆದರೂ ನಿಂತು ನೋಡಿದರೆ ಬರೆದವನು ಸಾಮಾನ್ಯನಲ್ಲ ಎಂದು ಗೊತ್ತಾಗುತ್ತಿತ್ತು. ಅಕ್ಷರದ ನಡುವೆ ಬಿಟ್ಟ ಜಾಗದಲ್ಲಿ ಒಬ್ಬನ ಕೈ ಗೊತ್ತಾಗುತ್ತದೆ. ಅಕ್ಷರವನ್ನು ಯಾರು ಬೇಕಾದರೂ ಕಲಿಯಬಹುದು, ಜಾಗ ಬಿಡುವುದನ್ನು ಕಲಿಯುವುದು ಕಷ್ಟ.

ಆ ಗೋಡೆಯ ಎದುರು ಒಂದು ಬೆಂಚು. ಸಂಜೆ ಹೊತ್ತಿಗೆ ಹೆಂಡ್ರಿಕ್ ಎಂಬ ಮುದುಕ ಸೈಕಲ್ಲಿನಲ್ಲಿ ಬಂದು ಅಲ್ಲಿ ಕೂತು ಗೋಡೆ ನೋಡುತ್ತಿದ್ದ. ಎಂಬತ್ತರ ಹತ್ತಿರದವನು. ಅದನ್ನು ಬರೆದದ್ದು ಅವನಪ್ಪ, ಆ ಊರಿನ ಬೋರ್ಡು ಬರೆಯುವವನು, ಎಂದು ಮರೈಕೆ ಹೇಳಿದಳು. ನಾನೂ ಕೆಲವು ಸಂಜೆ ಅವನ ಪಕ್ಕದಲ್ಲಿ ಕೂತೆ. ಮಾತು ಹೆಚ್ಚಿರಲಿಲ್ಲ. ಅವನು ಗೋಡೆ ತೋರಿಸಿ "ಫಾದರ್" ಎನ್ನುತ್ತಿದ್ದ. ನಾನು "ಗುಡ್ ಹ್ಯಾಂಡ್" ಎನ್ನುತ್ತಿದ್ದೆ.

ನಮ್ಮ ಕಡೆ ಬೋರ್ಡು ಮಾಸಿದರೆ ಅಂಗಡಿ ಏಳಲಾರದು ಎಂದು ಅರ್ಥ. ಆಯುಧಪೂಜೆಗೆ ಒಂದು ವಾರ ಇರುವಾಗ, ಎಂಥ ಜಿಪುಣನೂ ಬಂದು ಜಯಣ್ಣ, ಬೋರ್ಡಿಗೊಂದು ಕೈ ಆಡ್ಸು ಎನ್ನುತ್ತಾನೆ. ಅಪ್ಪ ಬರೆದ ಬೋರ್ಡು ಮಾಸಿ, ಮಗ ದಿನಾ ಅದರ ಎದುರು ಕೂತಿದ್ದಾನೆ ಎಂದರೆ ನಾನು ಏನೆಂದುಕೊಳ್ಳಲಿ? ಬರೆಯುವವರು ಸಿಗದೆ ಮುದುಕ ಸಂಕಟಪಡುತ್ತಿದ್ದಾನೆ ಎಂದುಕೊಂಡೆ. ಐದು ವಾರ ಖಾಲಿ ಕೂತಿದ್ದ ಕೈ ಜುಮ್ಮೆಂದಿತು. ಇದೇ ನನ್ನ ಕೆಲಸ. ಯಾರನ್ನೂ ಕೇಳಬಾರದು, ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಅಪ್ಪನ ಅಕ್ಷರ ಹೊಸದಾಗಿ ಹೊಳೆಯುತ್ತಿರಬೇಕು ಎಂದುಕೊಂಡೆ. ಸಾಬರ ಪಾಠ ನೆನಪಾಯಿತು, ಸುಳ್ಳೇಕೆ ಹೇಳಲಿ. ಇದು ಉಡುಗೊರೆ, ಉಡುಗೊರೆಗೆ ಯಾರು ಅಪ್ಪಣೆ ಕೇಳುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ.

ನಾಲ್ಕು ಅಕ್ಷರ

ಅಲ್ಲಿ ಬೇಸಿಗೆಯಲ್ಲಿ ಐದು ಗಂಟೆಗೆಲ್ಲ ಬೆಳಕು. ಸ್ಕೂಲಿನ ಏಣಿ ಹೊತ್ತು ಹೋದೆ. ಎಂಟು ಗಂಟೆಯ ಹೊತ್ತಿಗೆ ಮೊದಲ ನಾಲ್ಕು ಅಕ್ಷರಗಳಿಗೆ ಬಿಳಿ ಎನಾಮಲ್ ಮುಗಿದಿತ್ತು. ಹಳೆಯ ಅಂಚು ದಾಟದಂತೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಬರೆದಿದ್ದೆ. ಇಳಿದು ಹಿಂದೆ ಬಂದು ನೋಡಿದೆ. ಹಾಲು ಚೆಲ್ಲಿದಂತೆ ಹೊಳೆಯುತ್ತಿತ್ತು. ನನ್ನ ಜೀವನದಲ್ಲಿ ಅದಕ್ಕಿಂತ ಒಳ್ಳೆಯ ಕೆಲಸ ಮಾಡಿಲ್ಲ.

ಸಂಜೆ ಬರುವ ಹೆಂಡ್ರಿಕ್ ಆ ದಿನ ಬೆಳಿಗ್ಗೆಯೇ ಆ ದಾರಿಯಲ್ಲಿ ಬಂದ. ಸೈಕಲ್ಲಿನಿಂದ ಇಳಿದವನು ಅದನ್ನು ಸ್ಟ್ಯಾಂಡಿಗೆ ಹಾಕಲಿಲ್ಲ. ಸೈಕಲ್ ಕೆಳಗೆ ಬಿತ್ತು. ಅವನು ಎತ್ತಲಿಲ್ಲ. ಟೋಪಿ ತೆಗೆದು ಬೆಂಚಿನ ಮೇಲೆ ಕೂತ. ನಾನು ನಗುತ್ತ ಹತ್ತಿರ ಹೋದೆ. ಅವನು ನನ್ನ ಕಡೆ ನೋಡದೆ ಆ ನಾಲ್ಕು ಅಕ್ಷರಗಳನ್ನೇ ನೋಡುತ್ತ "ಫಾದರ್" ಎಂದ. ಅಷ್ಟೂ ಸಂಜೆ ಅವನು ಹೇಳಿದ ಅದೇ ಮಾತು. ಈ ಸಲ ಸಾವಿನ ಸುದ್ದಿ ಹೇಳುವವನಂತೆ ಹೇಳಿದ. ನನ್ನ ನಗು ಅಲ್ಲೇ ನಿಂತಿತು.

ಯಾರೋ ಹೇಳಿ ಮರೈಕೆ ಒದ್ದೆ ತಲೆಯಲ್ಲೇ ಓಡಿಬಂದಳು. ಅವಳು ನಿಧಾನವಾಗಿ, ನನಗೆ ತಿಳಿಯುವ ಇಂಗ್ಲಿಷಿನಲ್ಲಿ ಹೇಳಿದ್ದು ಇದು. ಈ ಗೋಡೆ ಊರಿನ ಆಸ್ತಿ. ಇದರ ಒಂದು ಅಕ್ಷರವನ್ನೂ ಯಾರೂ ಮುಟ್ಟುವಂತಿಲ್ಲ ಎಂದು ಊರಿನ ಕಚೇರಿ ಬರೆದಿಟ್ಟಿದೆ. ಬರೆಯುವವರು ಸಿಗದೆ ಬಿಟ್ಟದ್ದಲ್ಲ, ಮಾಸಿದ್ದನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ. ಅದು ಹೆಂಡ್ರಿಕ್‌ನ ಅಪ್ಪ ಕೈಯಾರೆ ಎಳೆದ ಬಣ್ಣ. ಅವರ ಉಳಿದ ಬೋರ್ಡುಗಳೆಲ್ಲ ಯುದ್ಧದಲ್ಲಿ ಹೋದವು. ಉಳಿದದ್ದು ಇದೊಂದೇ.

ಹಾಗಾದರೆ ನಾನು ಹೊಸದು ಮಾಡಿದ್ದಲ್ಲ, ಆ ಮನುಷ್ಯನ ಕೈಯ ಮೇಲೆ ಮಣ್ಣು ಮುಚ್ಚಿದ್ದು.

ಯಾರೂ ಕೂಗಲಿಲ್ಲ. ಅರಸೀಕೆರೆಯಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಏಣಿ ಮುರಿದಿರುತ್ತಿತ್ತು, ನನಗೆ ಎರಡು ಬಿದ್ದಿರುತ್ತಿತ್ತು. ಬಿದ್ದಿದ್ದರೆ ಚೆನ್ನಾಗಿತ್ತು ಎಂದು ಆಗ ಅನ್ನಿಸಿತು.

ಎನಾಮಲ್ ಬಣ್ಣ ಗಟ್ಟಿ ಚರ್ಮ ಕಟ್ಟಲು ಇನ್ನು ನಾಲ್ಕೈದು ಗಂಟೆ. ಅಷ್ಟರೊಳಗೆ ಎಣ್ಣೆ ಹೀರಿಸಿದರೆ ಮೇಲಿನದು ಏಳುತ್ತದೆ. ಕಟ್ಟಿದ ಮೇಲೆ ಕೆಳಗಿನದನ್ನೂ ಹಿಡಿದುಕೊಂಡೇ ಏಳುತ್ತದೆ. ಕೋಣೆಗೆ ಓಡಿ ಬಳಪದ ಗಂಟು ತಂದೆ. ಆದರೆ ಈ ಸಲ ಕೈ ಇಡಲಿಲ್ಲ. ಮರೈಕೆಯನ್ನು ಕೇಳಿದೆ. ಅವಳು ಕಚೇರಿಗೆ ಫೋನು ಮಾಡಿದಳು. ಕಚೇರಿ ತೆರೆಯುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಗಂಟು ಎದೆಗೆ ಒತ್ತಿಕೊಂಡು ಏಣಿಯ ಬುಡದಲ್ಲಿ ನಿಂತಿದ್ದೆ. ಬಿಸಿಲು ಗೋಡೆಯ ಮೇಲೆ ಇಳಿಯುತ್ತಿತ್ತು.

ಹತ್ತು ಗಂಟೆಗೆ ಕಚೇರಿಯ ಅಧಿಕಾರಿ ಫೈಲು, ಕ್ಯಾಮೆರಾ ತೂಗುಹಾಕಿಕೊಂಡು ಸೈಕಲ್ಲಿನಲ್ಲೇ ಬಂದ. ಗೋಡೆ ನೋಡಿದ, ನನ್ನನ್ನು ನೋಡಿದ. ಇಂಥ ಕೆಲಸಕ್ಕೆ ಪರಿಣತರು ಬೇರೆ ಊರಿನಿಂದ ಬರಬೇಕು, ತಿಂಗಳುಗಳೇ ಆಗುತ್ತವೆ ಎಂದ. ನನ್ನ ಪುಡಿ ನೋಡಿ ತಲೆ ಅಲ್ಲಾಡಿಸಿದ. ಆಗ ಅಲ್ಲಿಯವರೆಗೆ ಬೆಂಚು ಬಿಟ್ಟು ಏಳದಿದ್ದ ಹೆಂಡ್ರಿಕ್ ಎದ್ದು ಬಂದು ಅವರ ಭಾಷೆಯಲ್ಲಿ ನಾಲ್ಕು ಮಾತು ಹೇಳಿದ. ಮರೈಕೆ ನನಗೆ ತಿಳಿಸಿದಳು. "ಹಾಕಿದವನಿಗೆ ತೆಗೆಯುವುದೂ ಗೊತ್ತಿರುತ್ತದೆ. ನಮ್ಮಪ್ಪನಿಗೂ ಗೊತ್ತಿತ್ತು. ಅವನು ತೆಗೆಯಲಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ."

ಹೆಬ್ಬೆರಳಗಲ ಜಾಗದಲ್ಲಿ ಮಾಡಿ ತೋರಿಸು ಎಂದ ಅಧಿಕಾರಿ. ನಾಲ್ಕನೆಯ ಅಕ್ಷರದ ಬುಡಕ್ಕೆ ಪುಡಿ ಒತ್ತಿದೆ. ಎಣ್ಣೆ ಹೀರಿ ಪುಡಿ ಹಳದಿಯಾಯಿತು. ಮೆತ್ತನೆಯ ಬ್ರಷ್ಷಿನಿಂದ ಸವರಿದೆ. ಮತ್ತೆ ಒತ್ತಿದೆ, ಮತ್ತೆ ಸವರಿದೆ. ಮೂರನೆಯ ಸಲಕ್ಕೆ ಹೊಸ ಬಿಳಿ ತೆಳ್ಳಗಾಗಿ, ಕೆಳಗಿನಿಂದ ಹಳೆಯ ಬೂದು ಬಿಳಿ ಇಣುಕಿತು. ಅಧಿಕಾರಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ ಹೂಂ ಎಂದ.

ಹನ್ನೊಂದು ದಿನ

ಆ ದಿನವೇ ನಾಲ್ಕೂ ಅಕ್ಷರಗಳಿಗೆ ಪುಡಿ ಹಾಕಿ ಎಣ್ಣೆ ಹೀರಿಸಿದೆ. ಉಳಿದದ್ದನ್ನು ತೆಗೆಯಲು ಹನ್ನೊಂದು ದಿನ ಹಿಡಿಯಿತು. ಹಳೆಯ ಬಣ್ಣ ಟರ್ಪೆಂಟೈನಿಗೆ ಜಗ್ಗುವುದಿಲ್ಲ, ಆದರೆ ಉಜ್ಜಿದರೆ ಉದುರುತ್ತದೆ. ಅದಕ್ಕೆ ಹತ್ತಿಯನ್ನು ಅದ್ದಿ ಹಿಂಡಿ, ಒತ್ತಬೇಕು, ಎತ್ತಬೇಕು. ಮತ್ತೆ ಪುಡಿ. ಒಂದು ದಿನಕ್ಕೆ ಒಂದು ಮೊಳ ಮುಂದೆ ಹೋದರೆ ಹೆಚ್ಚು. ಮೂರು ಗಂಟೆಯಲ್ಲಿ ಹಾಕಿದ್ದನ್ನು ತೆಗೆಯಲು ಹನ್ನೊಂದು ದಿನ. ಫ್ಲೆಕ್ಸ್ ಮೆಷಿನ್ನಿಗೆ ಈ ಲೆಕ್ಕ ಗೊತ್ತಿಲ್ಲ.

ಹೆಂಡ್ರಿಕ್ ದಿನಾ ಬೆಳಿಗ್ಗೆ ಬಂದು ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದ. ಬೇಡ ಎಂದರೂ ಕೇಳುತ್ತಿರಲಿಲ್ಲ. ನಾಲ್ಕನೆಯ ದಿನ ಥರ್ಮಾಸಿನಲ್ಲಿ ಕಾಫಿ ತಂದ, ಎರಡು ಲೋಟ ತಂದ. ಆ ದೇಶದ ಕಾಫಿ ನಮ್ಮ ಡಿಕಾಕ್ಷನ್ನಿಗೆ ನೀರು ಬೆರೆಸಿದ ಹಾಗೆ. ಆ ದಿನ ಮಾತ್ರ ಅಮೃತವಾಗಿತ್ತು.

ಅಷ್ಟು ಹತ್ತಿರದಿಂದ, ಅಷ್ಟು ನಿಧಾನವಾಗಿ ಇನ್ನೊಬ್ಬನ ಕೈಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೆಂಡ್ರಿಕ್‌ನ ಅಪ್ಪ ಇಟ್ಟಿಗೆಯ ಸಂದನ್ನೇ ಗೆರೆಯಾಗಿ ಬಳಸಿದ್ದ. ಮೂರನೆಯ ಅಕ್ಷರದಲ್ಲಿ ಒಂದು ಕಡೆ ಕೈ ನಡುಗಿ, ಅದನ್ನು ನೀಲಿಯಿಂದ ಮುಚ್ಚಿದ್ದ. ನಮ್ಮ ಸಾಬರೂ ಹೀಗೆ ಮುಚ್ಚುತ್ತಿದ್ದರು. ಇನ್ನೊಂದು ವಿಷಯ ಎರಡು ದಿನ ತಲೆ ತಿಂದಿತು. ಅಡ್ಡಗೆರೆ ಎಳೆದು ಬ್ರಷ್ ಎತ್ತುವ ಕಡೆ ಬಣ್ಣ ಸ್ವಲ್ಪ ದಪ್ಪವಾಗಿ ನಿಲ್ಲುತ್ತದೆ. ನನ್ನದಾಗಲಿ ಯಾರದಾಗಲಿ ಅದು ಬಲತುದಿಯಲ್ಲಿರುತ್ತದೆ. ಇಲ್ಲಿ ಎಲ್ಲ ಗೆರೆಗಳಿಗೂ ಎಡತುದಿಯಲ್ಲಿತ್ತು.

ಏಣಿ ಇಳಿದು ಹೆಂಡ್ರಿಕ್‌ಗೆ ನನ್ನ ಎಡಗೈ ಎತ್ತಿ ತೋರಿಸಿ, ಬ್ರಷ್ ಹಿಡಿದ ಹಾಗೆ ಗಾಳಿಯಲ್ಲಿ ಗೆರೆ ಎಳೆದೆ. "ಫಾದರ್," ಎಂದೆ. "ಲೆಫ್ಟ್ ಹ್ಯಾಂಡ್."

ಅವನು ಏಣಿಯನ್ನು ಬಿಟ್ಟ. ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಸಂಜೆ ಮರೈಕೆ ಬಂದ ಮೇಲೆ ವಿಷಯ ತಿಳಿಯಿತು. ಅಪ್ಪನಿಗೆ ಸ್ಕೂಲಿನಲ್ಲಿ ಎಡಗೈಯನ್ನು ಬೆನ್ನಿಗೆ ಕಟ್ಟಿ ಬಲಗೈಯಲ್ಲಿ ಬರೆಯಿಸಿದ್ದರಂತೆ. ಜನರ ಎದುರು ಅವರು ಬಲಗೈಯವರೇ. ಏಣಿಯ ಮೇಲೆ ಹತ್ತಿದಾಗ ಮಾತ್ರ ಎಡಗೈ. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಮನೆಯವರಲ್ಲಿ ಉಳಿದವನು ನಾನೊಬ್ಬನೇ, ಹೇಳಿಕೊಳ್ಳಲು ಯಾರೂ ಇರಲಿಲ್ಲ ಎಂದ ಹೆಂಡ್ರಿಕ್. ಆಮೇಲೆ ಇನ್ನೊಂದು ಮಾತು ಹೇಳಿದನಂತೆ. "ಅರವತ್ತು ವರ್ಷದಿಂದ ಈ ಗೋಡೆ ನೋಡುತ್ತಿದ್ದೇನೆ. ಅದು ಗೋಡೆಯ ಮೇಲೇ ಇದೆ ಎಂದು ನನಗೆ ಗೊತ್ತಿರಲಿಲ್ಲ."

ಹನ್ನೊಂದನೆಯ ದಿನ ಗಂಟಿನ ತಳ ಕಂಡಿತು. ನಾಲ್ಕನೆಯ ಅಕ್ಷರದ ಒಂದು ಕಾಲಿನಲ್ಲಿ ನನ್ನ ಬಿಳಿ ಅಂಗೈಯಗಲ ಉಳಿದುಹೋಯಿತು. ಅದನ್ನು ಎತ್ತಿದರೆ ಹಳೆಯದೂ ಬರುತ್ತಿತ್ತು. ಅಧಿಕಾರಿ ಅದನ್ನೂ ಅಳೆದು, ಫೈಲಿನಲ್ಲಿ ನನ್ನ ಹೆಸರು, ಊರಿನ ಹೆಸರು ಬರೆದುಕೊಂಡ. ಇದು ಶಿಕ್ಷೆಯೇ ಎಂದು ಕೇಳಿದೆ. ಇಲ್ಲ, ಮುಂದೆ ನೋಡುವವರಿಗೆ ಯಾರದು ಯಾವ ಕೈ ಎಂದು ತಿಳಿಯಬೇಕಲ್ಲ ಎಂದ.

ಎಲ್ಲರೂ ಬಂದ ದಿನ

ಕೊನೆಯ ದಿನ ಊರಿನವರು ಸ್ಕೂಲಿಗೆ ಬಂದರು. ನನ್ನ ಕೋಣೆಯಲ್ಲಿ ತೋರಿಸಲು ಏನೂ ಇರಲಿಲ್ಲ. ಹಲಗೆಗಳು ಬಂದಾಗ ಹೇಗಿದ್ದವೋ ಹಾಗೇ ಇದ್ದವು. ನಾನು ಒರೆಸಿ ಬಿಸಾಕಿದ್ದ ಹತ್ತಿ, ಬಟ್ಟೆಗಳನ್ನು ಮರೈಕೆ ಒಂದೂ ಬಿಡದೆ ಎತ್ತಿಟ್ಟಿದ್ದಳು. ಅವನ್ನು ದಾರಕ್ಕೆ ಸಾಲಾಗಿ ನೇತುಹಾಕಿದಳು, ನಮ್ಮಲ್ಲಿ ಬಟ್ಟೆ ಒಣಹಾಕಿದ ಹಾಗೆ. ಜನ ಅದರ ಮುಂದೆ ಗಂಭೀರವಾಗಿ ನಿಂತು ನೋಡಿದರು. ಒಬ್ಬ ಹೆಂಗಸು ಕನ್ನಡಕ ಹಾಕಿಕೊಂಡು ನೋಡಿದಳು. ಗಂಗಮ್ಮ ಕಂಡಿದ್ದರೆ ಎತ್ತಿ ಒಲೆಗೆ ಹಾಕುತ್ತಿದ್ದಳು ಎಂದು ನನಗೆ ಒಳಗೇ ನಗು.

ಆಮೇಲೆ ಹೆಂಡ್ರಿಕ್ ಎಲ್ಲರನ್ನೂ ಚೌಕಕ್ಕೆ ಕರೆದುಕೊಂಡು ಹೋದ. ಗೋಡೆಯ ಎದುರು ನಿಂತು ಎಡಗೈ ಎತ್ತಿ, ಅಪ್ಪನ ಕಥೆಯನ್ನು ಊರಿಗೆಲ್ಲ ಹೇಳಿದ. ಭಾಷೆ ತಿಳಿಯದಿದ್ದರೂ ಎಲ್ಲಿ ನನ್ನ ವಿಷಯ ಬಂತು ಎಂದು ಗೊತ್ತಾಯಿತು. ಎಲ್ಲರೂ ತಿರುಗಿ ನೋಡಿದರು. ನಾನು ಮಾಡಿದ ತಪ್ಪನ್ನು ಅವನು ಮುಚ್ಚಲಿಲ್ಲ. ತೆಗೆದದ್ದನ್ನೂ ಮುಚ್ಚಲಿಲ್ಲ. ಹಾಗೆ ಎರಡನ್ನೂ ಒಟ್ಟಿಗೆ ಹೇಳುವ ಜನರನ್ನು ನಾನು ನಮ್ಮ ಕಡೆ ಹೆಚ್ಚು ಕಂಡಿಲ್ಲ.

ರಾತ್ರಿಯೂಟಕ್ಕೆ ಹೆಂಡ್ರಿಕ್ ತನ್ನ ಮನೆಗೆ ಕರೆದ. ಹುಟ್ಟಿದ ದಿನ ಯಾವುದು ಎಂದು ಕೇಳಿದ. ನಮ್ಮಮ್ಮನಿಗೆ ಗೊತ್ತಿದ್ದದ್ದು ರಾಗಿ ಕೊಯ್ಲಿನ ಕಾಲ ಎಂಬುದಷ್ಟೇ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ತಮಗೆ ಅನುಕೂಲವಾದ ತಾರೀಖು ಹಾಕಿದ್ದರು. ಅದನ್ನೇ ಹೇಳಿದೆ. ಹೆಂಡ್ರಿಕ್ ಪೆನ್ನು ತೆಗೆದುಕೊಂಡು ಕಕ್ಕಸಿಗೆ ಹೋದ. ಅವನು ಬಂದ ಮೇಲೆ ನಾನೂ ಹೋಗಿ ನೋಡಿದೆ. ಕ್ಯಾಲೆಂಡರಿನಲ್ಲಿ ಇದ್ದವು ಐದಾರೇ ಹೆಸರು. ಮೇಷ್ಟ್ರ ತಾರೀಖಿನ ಮುಂದೆ ನನ್ನದು. ಎಡಗೈಯಲ್ಲಿ ಬರೆದಿದ್ದ, ಅಕ್ಷರ ಹಿಂದಕ್ಕೆ ಬಾಗಿತ್ತು. ಅವನು ಬಲಗೈಯವನು.

ಹಾರನಹಳ್ಳಿ ರಸ್ತೆ

ಬಸ್‌ಸ್ಟ್ಯಾಂಡಿನಲ್ಲಿ ಶಿವಲಿಂಗಣ್ಣ ಕಾದಿದ್ದ. "ಏನ್ ತಂದ್ಯಲಾ?" ಎಂದ. ಖಾಲಿ ಬಟ್ಟೆಯ ಗಂಟು ತೋರಿಸಿದೆ. ನಡೆದದ್ದನ್ನೆಲ್ಲ ಹೇಳಿದೆ. "ಹನ್ನೊಂದ್ ದಿನ ಅಳ್ಸಿ ಬಂದಾ? ಅಳ್ಸಾಕೆ ವಿಮಾನದಾಗೆ ಕರ್ಸಿದ್ರಾ?" ಎಂದು ಅವನು ಪೇಟೆಗೆಲ್ಲ ಹೇಳಿಕೊಂಡು ಬಂದ. ನನಗೆ ಬೇಜಾರಾಗಲಿಲ್ಲ. ನಿಜವೇ ತಾನೆ.

ಎರಡು ತಿಂಗಳಿಗೆ ಆಯುಧಪೂಜೆ ಬಂತು. ಹಾರನಹಳ್ಳಿ ರಸ್ತೆಯಲ್ಲಿ ರುದ್ರಪ್ಪನವರ ಎಣ್ಣೆ ಮಿಲ್ಲು ಇದೆ. ಅದರ ಉದ್ದ ಗೋಡೆಯ ಮೇಲೆ ಶುದ್ಧ ಕೊಬ್ಬರಿ ಎಣ್ಣೆ ಎಂದು ಬರೆದದ್ದು ಬಾಷಾ ಸಾಬರು, ನಾನು ಅವರ ಹತ್ತಿರ ಸೇರುವುದಕ್ಕೆ ಮುಂಚೆ. ರುದ್ರಪ್ಪನವರು ಕರೆಸಿದರು.

"ಫಾರಿನ್ನಿಗೆ ಹೋಗ್ ಬಂದಿದೀಯ. ಸುಣ್ಣ ಹೊಡೆಸ್ತೀನಿ, ಮೇಲೆ ಹೊಸ್ದಾಗಿ ಬರ್ದುಬಿಡು."

ನಾನು ಗೋಡೆಯ ಹತ್ತಿರ ಹೋಗಿ ನಿಂತೆ. ಇಪ್ಪತ್ತೈದು ವರ್ಷ ಅದರ ಮುಂದೆ ಓಡಾಡಿದ್ದೇನೆ, ಹೀಗೆ ನೋಡಿರಲಿಲ್ಲ. ಸಾಬರು ಸಾಲು ಪೂರ್ತಿ ಬರೆದು, ಕೊನೆಗೆ ಎಲ್ಲ ಅಕ್ಷರಗಳಿಗೂ ಒಟ್ಟಿಗೆ ತಲೆಕಟ್ಟು ಇಡುತ್ತಿದ್ದರು. ಬಲಗಡೆಗೆ ಬರುತ್ತ ಬರುತ್ತ ತಲೆಕಟ್ಟು ತೆಳ್ಳಗಾಗಿತ್ತು. ಡಬ್ಬದಲ್ಲಿ ಬಣ್ಣ ಮುಗಿಯುತ್ತಿತ್ತು, ಇನ್ನೊಂದು ಡಬ್ಬ ಕೇಳಲು ಅವರಿಗೆ ಸಂಕೋಚ. ಅದೂ ಗೋಡೆಯ ಮೇಲೇ ಇತ್ತು.

"ಇದ್ನ ಮುಟ್ಬ್ಯಾಡಿ ರುದ್ರಪ್ಪೋರೆ. ಇದು ಸಾಬ್ರ ಕೈ," ಎಂದೆ.

"ಅಲ್ಲ ಕಣಯ್ಯ, ಅಕ್ಸರಾನೇ ಕಾಣಾಕಿಲ್ಲ. ಎಣ್ಣೆ ಮಾರ್ಬೇಕೋ ಬ್ಯಾಡ್ವೋ ನಾನು?"

"ಗೇಟಿನ್ ಮ್ಯಾಲೆ ಹೊಸ್ ಬೋರ್ಡು ನಾನ್ ಬರ್ಕೊಡ್ತೀನಿ. ಹಾಸನದ ಮೆಷಿನ್ನು ತಲೆ ತಗ್ಗಿಸ್ಬೇಕು, ಹಂಗ್ ಬರೀತೀನಿ. ಗೋಡೆ ಬಿಟ್ಬಿಡಿ."

ಅವರು ನನ್ನ ಮುಖ ನೋಡಿ, ಗೋಡೆ ನೋಡಿ, "ಬರೋ ಆಯುಧಪೂಜೆ ಗಂಟ ನೋಡನ," ಎಂದರು. ಹಾಗೆಂದು ಮೂರು ಆಯುಧಪೂಜೆ ಕಳೆದಿವೆ. ಗೇಟಿನ ಬೋರ್ಡು ಬರೆದುಕೊಟ್ಟೆ. ಅದರ ಮೂಲೆಯಲ್ಲಿ ನನ್ನ ಹೆಸರು ಹಾಕಿದ್ದೇನೆ. ವರ್ಷಕ್ಕೊಮ್ಮೆ, ಮೇಷ್ಟ್ರು ಹಾಕಿದ ತಾರೀಖಿಗೆ ಸರಿಯಾಗಿ ಹಾಲೆಂಡಿನಿಂದ ಒಂದು ಕಾರ್ಡು ಬರುತ್ತದೆ. ಅದರಲ್ಲಿ ಗಂಗಮ್ಮನಿಗೂ, ಶಿವಲಿಂಗಣ್ಣನಿಗೂ ಶುಭಾಶಯ ಇರುತ್ತದೆ.

ಹಾರನಹಳ್ಳಿ ಕಡೆ ಕೆಲಸವಿದ್ದ ದಿನ ವಾಪಸು ಬರುವಾಗ ಮಿಲ್ಲಿನ ಎದುರಿನ ಕಲ್ಲುಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಬಸ್ಸಿನವರು ನಿಲ್ಲಿಸಿ, ಬತ್ತೀರಾ ಜಯಣ್ಣೋರೆ ಎನ್ನುತ್ತಾರೆ. ಮುಂದಿನ ಬಸ್ಸಿಗೆ ಬತ್ತೀನಿ ಎನ್ನುತ್ತೇನೆ. ಗೋಡೆ ಮಾಸಿದೆ ಎಂದು ಪಾಪ ಯಾರಾದರೂ ಒಳ್ಳೆಯ ಮನಸ್ಸಿನವನು ಏಣಿ ಹೊತ್ತು ಬಂದಾನು. ಅವನು ಡಬ್ಬದ ಮುಚ್ಚಳ ತೆಗೆಯುವ ಮುಂಚೆ ನಾನು ಅಲ್ಲಿ ಇರಬೇಕು.